ಅಮೆರಿಕದ ಪ್ರಗತಿಪರ ಚರ್ಚುಗಳು: ಹೊಸದಾಗಿ ಬಂದ ಕನ್ನಡ ಕ್ರೈಸ್ತರಿಗೆ

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದು, ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಬಂದ ನಮ್ಮವರು ಮನೆಗೆ ಹತ್ತಿರದ ಚರ್ಚಿಗೆ ಹೋಗಿ ಬಾಗಿಲಲ್ಲೇ ತಬ್ಬಿಬ್ಬಾಗುವುದುಂಟು. ಹೊರಗೆ ಸಲಿಂಗಿಗಳಿಗೆ ಸ್ವಾಗತ ಸಾರುವ ಕಾಮನಬಿಲ್ಲಿನ ಬಾವುಟ, ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕರಿಯರ ಜೀವಕ್ಕೂ ಬೆಲೆಯಿದೆ) ಎಂಬ ಫಲಕ. ಒಳಗೆ ಪ್ರಸಂಗದಲ್ಲಿ ವಲಸಿಗರ ಬಂಧನದ ಮಾತು. ಕೆಲವರು ಅಲ್ಲಿಂದಲೇ ಹಿಂತಿರುಗುತ್ತಾರೆ. ಇನ್ನು ಕೆಲವರು ಬಾವುಟ ನೋಡಿಯೇ ಸದಸ್ಯರಾಗಿಬಿಡುತ್ತಾರೆ. ನನ್ನ ಕೇಳಿದರೆ ಎರಡೂ ಅವಸರವೇ. ಆ ಸಭೆ ಸೋಮವಾರದಿಂದ ಶನಿವಾರದವರೆಗೆ ಏನು ಮಾಡುತ್ತದೆ ಎಂದು ನೋಡಿ, ಆಮೇಲೆ ತೀರ್ಮಾನಿಸಿ.

ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ಎಪಿಸ್ಕೋಪಲ್, ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಇನ್ ಅಮೆರಿಕ (ಇಎಲ್‌ಸಿಎ), ಪ್ರೆಸ್ಬಿಟೇರಿಯನ್ ಚರ್ಚ್ ಯುಎಸ್‌ಎ (ಪಿಸಿಯುಎಸ್‌ಎ), ಯುನೈಟೆಡ್ ಮೆಥಡಿಸ್ಟ್ – ಪ್ರಗತಿಪರ ಸಭೆಗಳು ಹೆಚ್ಚಾಗಿ ಸಿಗುವುದು ಈ ಪಂಗಡಗಳಲ್ಲಿ. ಆದರೆ ಪಂಗಡದ ಹೆಸರು ಒಂದೇ ಇದ್ದರೂ ಒಂದು ಸಭೆಯಂತೆ ಇನ್ನೊಂದಿಲ್ಲ. ಸಲಿಂಗಿಗಳ ಪಾದ್ರಿ ದೀಕ್ಷೆಯ ಮೇಲಿದ್ದ ನಿಷೇಧವನ್ನು ಮೆಥಡಿಸ್ಟರು ತೆಗೆದದ್ದು 2024ರಲ್ಲಿ. ಅದಕ್ಕೂ ಮುಂಚೆಯೇ ಇದೇ ಜಗಳದಲ್ಲಿ ಸಾವಿರಾರು ಸಭೆಗಳು ಪಂಗಡ ಬಿಟ್ಟು ಹೋಗಿದ್ದವು. ಎಪಿಸ್ಕೋಪಲ್ ಚರ್ಚಿಗೂ ಸಿಎಸ್‌ಐಗೂ ಪೂರ್ಣ ಅನ್ಯೋನ್ಯತೆಯ ಸಂಬಂಧವಿದೆ, ಅಂದರೆ ಒಬ್ಬರ ಸಂಸ್ಕಾರಗಳನ್ನು ಇನ್ನೊಬ್ಬರು ಮಾನ್ಯ ಮಾಡುತ್ತಾರೆ, ಹಾಗಾಗಿ ಅಲ್ಲಿ ನಿಮ್ಮನ್ನು ಹೊರಗಿನವರೆಂದು ಕಾಣುವುದಿಲ್ಲ.

‘ಇವರು ಸತ್ಯವೇದ ಬಿಟ್ಟು ರಾಜಕೀಯ ಹಿಡಿದಿದ್ದಾರೆ’ ಎಂಬ ಮಾತನ್ನು ನಮ್ಮವರ ಬಾಯಲ್ಲೇ ಕೇಳುತ್ತೀರಿ. ನಾನು ಇದನ್ನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಬಡವರ ಬಡಾವಣೆಯಲ್ಲಿ 1886ರಿಂದ ಪಾಸ್ಟರ್ ಆಗಿದ್ದ ವಾಲ್ಟರ್ ರೌಶೆನ್‌ಬುಶ್, ಮಕ್ಕಳ ಶವಸಂಸ್ಕಾರ ಮಾಡಿ ಮಾಡಿ, ಆತ್ಮದ ರಕ್ಷಣೆಯನ್ನು ಮಾತ್ರ ಸಾರಿದರೆ ಸಾಲದು ಎಂಬಲ್ಲಿಗೆ ಬಂದರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪತ್ರ ಬರೆದರಲ್ಲ, ಅದು ಕರಿಯರನ್ನು ದ್ವೇಷಿಸುವವರಿಗೆ ಬರೆದದ್ದಲ್ಲ. ವರ್ಣಭೇದದ ವಿರುದ್ಧದ ಹೋರಾಟಕ್ಕೆ ‘ಸ್ವಲ್ಪ ತಾಳಿ’ ಎನ್ನುತ್ತಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದದ್ದು. 1982ರ ಮಾರ್ಚ್ 24ರಂದು ಅರಿಝೋನಾ ರಾಜ್ಯದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚ್, ಮಧ್ಯ ಅಮೆರಿಕದ ಯುದ್ಧಗಳಿಂದ ಓಡಿಬಂದವರಿಗೆ ಕಾನೂನಿನ ಭಯ ಬಿಟ್ಟು ಬಹಿರಂಗವಾಗಿ ಆಶ್ರಯ ಘೋಷಿಸಿತು. ಇವರೆಲ್ಲ ಓದಿದ್ದು ನಾವು ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ ಆಮೋಸ, ಮೀಕ, ಲೂಕರನ್ನೇ.

ಸ್ತ್ರೀ ಪಾಸ್ಟರನ್ನು ಕಂಡು ಬೆರಗಾಗಬೇಕಿಲ್ಲ. ನಮ್ಮ ಸಿಎಸ್‌ಐ 2013ರಲ್ಲೇ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿದೆ. ಸಲಿಂಗ ವಿವಾಹದ ಬಗ್ಗೆ ನಿಮ್ಮ ಮನಸ್ಸು ಇನ್ನೂ ಒಪ್ಪಿಲ್ಲದಿದ್ದರೂ ಬನ್ನಿ, ಕುಳಿತುಕೊಳ್ಳಿ. ‘ನಾನಿನ್ನೂ ಯೋಚಿಸುತ್ತಿದ್ದೇನೆ’ ಎಂದು ಪಾಸ್ಟರ ಬಳಿ ನೇರವಾಗಿ ಹೇಳಬಹುದು. ಆದರೆ ಆರಾಧನೆ ಮುಗಿದು ಕಾಫಿ ಕುಡಿಯುವಾಗ ಪಕ್ಕದ ದಂಪತಿಯ ಬದುಕನ್ನೇ ಚರ್ಚೆಯ ವಿಷಯ ಮಾಡಬೇಡಿ. ತಮ್ಮದೇ ಚರ್ಚುಗಳಿಂದ ಹೊರದೂಡಿಸಿಕೊಂಡು ಇಲ್ಲಿಗೆ ಬಂದವರು ಅವರಲ್ಲಿರುತ್ತಾರೆ.

ಸಭೆಯನ್ನು ಅಳೆಯಲು ಕೆಲವು ಪ್ರಶ್ನೆ ಕೇಳಿ. ಆಹಾರ ಹಂಚುವ ದಿನ ಯಾವುದು, ಅಲ್ಲಿ ನಿಂತು ಕೆಲಸ ಮಾಡುವವರು ಯಾರು? ಕಾಣಿಕೆಯ ಹಣದಲ್ಲಿ ಹೊರಗಿನವರಿಗೆ ಹೋಗುವ ಪಾಲೆಷ್ಟು? ವಾರ್ಷಿಕ ಲೆಕ್ಕಪತ್ರವನ್ನು ಸಭೆಯ ಮುಂದೆ ಇಡುತ್ತಾರೆಯೇ? ಬಿಳಿಯರೇ ತುಂಬಿದ ಸಭೆಯಲ್ಲಿ ತೀರ್ಮಾನ ಮಾಡುವ ಸಮಿತಿಯಲ್ಲಿ ಬೇರೆ ಬಣ್ಣದವರು ಇದ್ದಾರೆಯೇ? ಫಲಕ ದೊಡ್ಡದಾಗಿದ್ದು ಉತ್ತರ ತಡವರಿಸಿದರೆ ಇನ್ನೊಂದು ಚರ್ಚ್ ಹುಡುಕಿ.

ಈ ಸಭೆಗಳವರು ನಿಮ್ಮನ್ನು ಜಾತಿಯ ಬಗ್ಗೆ ಕೇಳಬಹುದು, ಅದರಲ್ಲೂ 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದ ಮೇಲೆ. ‘ಕ್ರೈಸ್ತರಲ್ಲಿ ಜಾತಿ ಇಲ್ಲ’ ಎಂದು ಮಾತು ಮುಗಿಸಬೇಡಿ. ಮದುವೆ ಸಂಬಂಧ ನೋಡುವಾಗ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು. ದಲಿತರ ನೋವಿನ ಕಣ್ಣಿನಿಂದ ಸತ್ಯವೇದವನ್ನು ಓದುವ ದಲಿತ ದೇವತಾಶಾಸ್ತ್ರದ ಮಾತು 1980ರ ದಶಕದಲ್ಲಿ ಎದ್ದದ್ದೇ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಅರವಿಂದ ನಿರ್ಮಲ್ ಅವರಿಂದ. ಜನಾಂಗಭೇದದ ಬಗ್ಗೆ ಈ ಸಭೆಗಳವರಿಂದ ಕಲಿಯುವಾಗ ಇದನ್ನೂ ಅವರ ಮುಂದಿಡಿ.

ಕೊನೆಗೆ, ವೀಸಾದ ಮೇಲಿರುವವರು ಗಮನಿಸಬೇಕಾದದ್ದು. ಇಂಥ ಚರ್ಚುಗಳ ಹಜಾರದಲ್ಲಿ ಮತದಾರರ ನೋಂದಣಿಯ ಮೇಜು ಹಾಕಿರುತ್ತಾರೆ. ಉತ್ಸಾಹದ ಅಜ್ಜಿಯೊಬ್ಬರು ನಗುತ್ತಾ ಫಾರಂ ಕೈಗಿಡುತ್ತಾರೆ. ನೀವು ಅಮೆರಿಕದ ಪ್ರಜೆಯಲ್ಲದಿದ್ದರೆ ಅದಕ್ಕೆ ಸಹಿ ಹಾಕಲೇಬೇಡಿ, ಗ್ರೀನ್ ಕಾರ್ಡ್ ಇದ್ದರೂ ಸರಿ. ಪ್ರಜೆಯೆಂದು ತಪ್ಪಾಗಿ ಬರೆದುಕೊಟ್ಟರೆ ಗಡೀಪಾರಿನವರೆಗೂ ಹೋಗಬಹುದು. ಬೇಕೆಂದೇ ಬಂಧನಕ್ಕೊಳಗಾಗುವ ಪ್ರತಿಭಟನೆಗೆ ಪಾಸ್ಟರ್ ಕರೆದರೂ ಆ ಸಾಲಿನಲ್ಲಿ ನಿಲ್ಲಬೇಡಿ. ಅಂದು ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಅಡುಗೆಮನೆಗೂ ಜನ ಬೇಕಾಗಿರುತ್ತಾರೆ. ಅನುಮತಿ ಪಡೆದ ಮೆರವಣಿಗೆಗೆ ಹೋಗಬಹುದೇ ಎಂಬ ಸಂದೇಹವಿದ್ದರೆ ಪಾಸ್ಟರನ್ನಲ್ಲ, ವಲಸೆ ವಕೀಲರನ್ನು ಕೇಳಿ.