35ರ ಮಗ್ಗಿ ಬಂದರೆ ಮೇಜಿನ ಮೇಲೊಂದು ಕೊಹಿಮಾ

ಟೆನಿಸ್ ಕೋರ್ಟಿನ ಉದ್ದ 23.77 ಮೀಟರ್. ಡಬಲ್ಸ್ ಆಟದ ಅಗಲ 10.97 ಮೀಟರ್. ಎರಡನ್ನೂ 35ರಿಂದ ಭಾಗಿಸಿ. ಹೆಚ್ಚುಕಮ್ಮಿ 68 ಸೆಂಟಿಮೀಟರ್, 31 ಸೆಂಟಿಮೀಟರ್ ಬರುತ್ತದೆ. ನಮ್ಮ ಮನೆಯ ಊಟದ ಮೇಜಿನ ಅರ್ಧವೂ ಬೇಡ. ಇಷ್ಟೇ ಜಾಗದಲ್ಲಿ ಆಟಿಕೆ ಸೈನಿಕರನ್ನಿಟ್ಟು ಎರಡನೇ ಮಹಾಯುದ್ಧದ ಒಂದು ಕಾಳಗವನ್ನು ಕಟ್ಟಿ, ನಿಜದ್ದೇ ಅನ್ನಿಸುವ ಹಾಗೆ ಫೋಟೋ ತೆಗೆಯಬಹುದು.

ಟೆನಿಸ್ ಕೋರ್ಟಿಗೂ ಯುದ್ಧಕ್ಕೂ ಏನು ಸಂಬಂಧ ಅಂತೀರಾ? 1944ರ ಏಪ್ರಿಲ್‌ನಿಂದ ಜೂನ್‌ವರೆಗೆ, ಈಗಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ದೊಡ್ಡ ಕಾಳಗ ನಡೆಯಿತು. ಅಲ್ಲಿನ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಒಂದು ಬದಿಗೆ ಜಪಾನೀಯರು. ಇನ್ನೊಂದು ಬದಿಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು. ನಡುವೆ ಕೋರ್ಟು. ಅದರ ಮೇಲಿಂದಲೇ ಕೈಬಾಂಬ್ ಎಸೆದಾಡಿದರು. ಈಗ ಆ ಜಾಗದಲ್ಲಿ ಯುದ್ಧ ಸ್ಮಾರಕ ಸ್ಮಶಾನವಿದೆ. ಕೋರ್ಟಿನ ಗೆರೆಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ.

ಚಿಕ್ಕಮಗಳೂರಿನಲ್ಲಿ ಕೂತು ಕಟ್ಟಲು ಇದಕ್ಕಿಂತ ಒಳ್ಳೆಯ ಯುದ್ಧ ನನಗೆ ಸಿಕ್ಕಿಲ್ಲ. ಮರಳುಗಾಡಿನ ಯುದ್ಧ ಮಾಡಹೊರಟರೆ ಮರಳು ಎಲ್ಲಿಂದ ತರೋಣ? ಕೊಹಿಮಾಗೆ ಬೇಕಾದ್ದು ಗುಡ್ಡ, ಮಳೆ, ಕೆಸರು, ಮಂಜು, ಪಾಚಿ. ಅದಕ್ಕೆ ನಮ್ಮಲ್ಲಿ ಬರವಿಲ್ಲ.

ಸಣ್ಣ ಗೊಂಬೆಗಳಿಂದ ಕಟ್ಟಿದ ಇಂಥ ದೃಶ್ಯಕ್ಕೆ ಡಯೋರಾಮಾ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ನಮಗೆ ಹೊಸದೇನಲ್ಲ. ದಸರಾ ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಪೈರು ಬರಿಸಿ ಪಾರ್ಕ್ ಮಾಡುತ್ತೇವಲ್ಲ, ಅದೇ ಇದು. ಆದರೆ ಅಲ್ಲಿ ಹುಲಿಗಿಂತ ಮೊಲ ದೊಡ್ಡದಿದ್ದರೂ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ.

ಅಳತೆ ಮೊದಲು

ಅಂಗಡಿಯಲ್ಲಿ, ಜಾತ್ರೆಯಲ್ಲಿ ಸಿಗುವ ಹಸಿರು ಪ್ಲಾಸ್ಟಿಕ್ ಸೈನಿಕರು ಸುಮಾರು 5 ಸೆಂಟಿಮೀಟರ್ ಎತ್ತರ ಇರುತ್ತಾರೆ. ಆರಡಿ ಮನುಷ್ಯನನ್ನು 35 ಪಟ್ಟು ಕುಗ್ಗಿಸಿದರೆ ಹೆಚ್ಚುಕಮ್ಮಿ ಇಷ್ಟೇ. ಇದನ್ನು 1:35 ಅಳತೆ ಎನ್ನುತ್ತಾರೆ. ಆನ್‌ಲೈನಿನಲ್ಲಿ 1:72 ಅಳತೆಯ ಡಬ್ಬಿಗಳೂ ಸಿಗುತ್ತವೆ. ಅದರೊಳಗಿನ ಸೈನಿಕರು ಎರಡೂವರೆ ಸೆಂಟಿಮೀಟರ್ ಮಾತ್ರ. ಮೊದಲ ಸಲಕ್ಕೆ 1:35 ಸಾಕು. ಆದರೆ ಚಿಕ್ಕವರು ನಾಲ್ಕೈದು ಜನ ಸಿಕ್ಕರೆ ತೆಗೆದಿಡಿ. ಆಮೇಲೆ ಕೆಲಸಕ್ಕೆ ಬರುತ್ತಾರೆ.

ಈಗ 35ರ ಮಗ್ಗಿ. ಮೇಜಿನ ಮೇಲೆ ಏನೇ ಇಟ್ಟರೂ 35ರಿಂದ ಗುಣಿಸಿ ನೋಡಿ. 2 ಮಿಲಿಮೀಟರ್ ಕಲ್ಲು 7 ಸೆಂಟಿಮೀಟರ್ ಕಲ್ಲಾಗುತ್ತದೆ. 4 ಸೆಂಟಿಮೀಟರ್ ರಾಗಿ ಪೈರು 1.4 ಮೀಟರ್ ಹುಲ್ಲಾಗುತ್ತದೆ, ಸೈನಿಕನ ಎದೆಮಟ್ಟ. ಮಳೆಯ ಹಾಗೆ ಕಾಣಲಿ ಅಂತ ನೀರು ಚಿಮುಕಿಸಿದಿರೋ, ಕೆಟ್ಟಿತು! 4 ಮಿಲಿಮೀಟರಿನ ಒಂದು ಹನಿ 14 ಸೆಂಟಿಮೀಟರ್ ಆಗಿ, ಸೈನಿಕನ ಹೆಗಲ ಮೇಲೆ ಎಳನೀರು ಕೂತ ಹಾಗೆ ಕಾಣುತ್ತದೆ. ಫೋಟೋ ಸುಳ್ಳು ಅಂತ ಗೊತ್ತಾಗುವುದು ಹೆಚ್ಚಾಗಿ ಇಂಥ ಕಡೆಯೇ.

ಕಟ್ಟುವ ಮೊದಲೇ ಫೋನ್ ಹಿಡಿಯಿರಿ

ನಾನು ಮೊದಲ ಸಲ ಇಡೀ ಬೆಟ್ಟ ಕಟ್ಟಿದೆ. ಎರಡು ತಿಂಗಳು ಹಿಡಿಯಿತು. ಫೋಟೋದಲ್ಲಿ ಬಂದದ್ದು ಅದರ ಒಂದು ಮೂಲೆ. ಅದಕ್ಕೇ ಈಗ ಖಾಲಿ ಹಲಗೆಯ ಮೇಲೆ ಇಬ್ಬರು ಸೈನಿಕರನ್ನು ನಿಲ್ಲಿಸಿ, ಮೊದಲು ಫೋನಿನಲ್ಲಿ ನೋಡುತ್ತೇನೆ. ಯಾವ ಕಡೆಯಿಂದ ತೆಗೆಯುತ್ತೇನೆ, ಎಷ್ಟು ಕಾಣುತ್ತದೆ ಎಂದು ಚಾಕ್‌ಪೀಸಿನಲ್ಲಿ ಗೆರೆ ಹಾಕುತ್ತೇನೆ. ಗೆರೆಯ ಒಳಗಷ್ಟೇ ಕೆಲಸ. ಕೋರ್ಟನ್ನೂ ಪೂರ್ತಿ ಮಾಡಬೇಕಿಲ್ಲ. ಒಂದು ತುದಿ, ಎದುರು ಬದಿಯ ಒಂದಿಷ್ಟು ಮಣ್ಣಿನ ದಿಬ್ಬ ಸಾಕು.

ನೆಲ, ಕಂದಕ, ಮರ

ಒಂದು ಪ್ಲೈವುಡ್ ತುಂಡಿನ ಮೇಲೆ 5 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಅಂಟಿಸಿ. ಎದೆಮಟ್ಟದ ಕಂದಕಕ್ಕೆ 4 ಸೆಂಟಿಮೀಟರ್ ಆಳ ಬೇಕು, ಅದಕ್ಕೇ ಈ ದಪ್ಪ. ಚಾಕುವಿನಿಂದ ಕೊರೆಯಿರಿ. ಅಂಚು ನೇರ ಇರಬಾರದು, ಮಳೆಗೆ ಕುಸಿದ ಹಾಗಿರಲಿ.

ಇಲ್ಲೊಂದು ಎಚ್ಚರಿಕೆ. ಥರ್ಮೋಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡಿ. ನಾನು ಹೊಡೆದೆ. ನೋಡನೋಡುತ್ತಿದ್ದಂತೆ ಗುಡ್ಡ ಬಿಸಿ ಅನ್ನದ ಮೇಲಿನ ಬೆಣ್ಣೆಯಂತೆ ಕರಗಿ ಕೂತಿತು. ಥಿನ್ನರ್, ಫೆವಿಕ್ವಿಕ್ ಕೂಡ ಅದನ್ನು ತಿನ್ನುತ್ತವೆ. ಫೆವಿಕಾಲ್, ನೀರಿನಲ್ಲಿ ಕಲಸುವ ಬಣ್ಣ, ಇವೆರಡೇ ಇರಲಿ.

ಮಣ್ಣಿಗೆ ತೋಟದ ಮಣ್ಣನ್ನೇ ತನ್ನಿ. ಒಣಗಿಸಿ, ಕುಟ್ಟಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ. ಅದಕ್ಕೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಸೇರಿಸಿದರೆ ಒದ್ದೆ ಕಾಡಿನ ಕಪ್ಪು ಬರುತ್ತದೆ. ಚರಟವನ್ನು ಮಾತ್ರ ಎರಡು ದಿನ ಬಿಸಿಲಿನಲ್ಲಿ ಗರಿಗರಿ ಒಣಗಿಸಬೇಕು. ಇಲ್ಲದಿದ್ದರೆ ವಾರದೊಳಗೆ ಬೂಷ್ಟು. ಥರ್ಮೋಕೋಲ್ ಮೇಲೆ ಫೆವಿಕಾಲ್ ಬಳಿದು ಈ ಪುಡಿ ಉದುರಿಸಿ. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಬಿಡಿ. ಕಲ್ಲಿನಂತೆ ಕೂರುತ್ತದೆ.

ಕೋರ್ಟಿನ ಗೆರೆ 5 ಸೆಂಟಿಮೀಟರ್ ಅಗಲ ಅಂದುಕೊಂಡರೆ ನಮಗೆ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಟೂತ್‌ಪಿಕ್ಕಿನಿಂದ ಬಿಳಿ ಬಣ್ಣ ಎಳೆದು, ಅರ್ಧ ಅಳಿಸಿ, ಮೇಲೆ ಮಣ್ಣು ಚೆಲ್ಲಿ. ನೀಟಾಗಿ ಬಿಟ್ಟರೆ ನಾಳೆ ಬೆಳಿಗ್ಗೆ ಮ್ಯಾಚ್ ಇದೆ ಅನ್ನಿಸುತ್ತದೆ.

ಮರಳಿನ ಮೂಟೆಗೆ ಎಂ-ಸೀಲ್ ಕಲಸಿ, ಒಂದೂವರೆ ಸೆಂಟಿಮೀಟರಿನ ಉಂಡೆ ಮಾಡಿ, ಒರಟು ಬಟ್ಟೆಯಿಂದ ಒತ್ತಿ. ಗೋಣಿಯ ನೇಯ್ಗೆ ಮೂಡುತ್ತದೆ. ಇಟ್ಟಿಗೆ ಗೋಡೆಯ ಹಾಗೆ ಒಂದರ ಸಂದಿನ ಮೇಲೆ ಇನ್ನೊಂದನ್ನು ಜೋಡಿಸಿ.

ಮರಕ್ಕೆ ಕಾಫಿ ಗಿಡದಿಂದ ಕತ್ತರಿಸಿ ಎಸೆದ ರೆಂಬೆ. ಕೊಹಿಮಾದ ಮರಗಳು ಗುಂಡೇಟಿಗೆ ಬೋಳಾಗಿದ್ದವು. ಹಾಗಾಗಿ ಎಲೆ ಅಂಟಿಸುವ ಕಷ್ಟವೇ ಇಲ್ಲ. ಕೊನೆಗಳನ್ನು ಕೈಯಲ್ಲೇ ಮುರಿಯಿರಿ, ಕತ್ತರಿ ಬೇಡ. ಜಪಾನೀಯರ ಮುತ್ತಿಗೆಯೊಳಗೆ ಸಿಕ್ಕಿಬಿದ್ದ ಬ್ರಿಟಿಷ್, ಭಾರತೀಯ ಸೈನಿಕರಿಗೆ ವಿಮಾನದಿಂದ ಸಾಮಾನು ಇಳಿಸುತ್ತಿದ್ದರು, ಪ್ಯಾರಾಚೂಟುಗಳು ಮರಗಳಿಗೆ ಸಿಕ್ಕಿ ಜೋತಾಡುತ್ತಿದ್ದವು. ಟಿಶ್ಯೂ ಪೇಪರಿನ ಒಂದೇ ಒಂದು ಪದರ ಬಿಡಿಸಿ, ಫೆವಿಕಾಲ್ ನೀರಿನಲ್ಲಿ ಅದ್ದಿ, ಒಂದು ರೆಂಬೆಗೆ ಹಾಕಿ. ನನ್ನ ಪ್ರಕಾರ ಇಡೀ ದೃಶ್ಯಕ್ಕೆ ಜೀವ ಕೊಡುವುದು ಈ ಟಿಶ್ಯೂ. ಕಾಂಪೌಂಡ್ ಗೋಡೆಯ ಪಾಚಿಯನ್ನು ನೆರಳಲ್ಲಿ ಒಣಗಿಸಿ ಅಲ್ಲಲ್ಲಿ ಇಟ್ಟರೆ ನೆಲದ ಕೆಲಸ ಮುಗಿಯಿತು.

ಸೈನಿಕರು

ಸೋಪು ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಂದ ಎಣ್ಣೆಪಸೆ ಇದ್ದರೆ ಬಣ್ಣ ನಿಲ್ಲುವುದಿಲ್ಲ. ಈ ಪ್ಲಾಸ್ಟಿಕ್ ಬಾಗುವುದರಿಂದ ಬಣ್ಣ ಸಿಪ್ಪೆ ಏಳುವುದೂ ಜಾಸ್ತಿ. ಮೊದಲು ತೆಳು ಫೆವಿಕಾಲ್ ಒಂದು ಕೈ ಬಳಿದು, ಒಣಗಿಸಿ, ಆಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿ. ನಮ್ಮ ಕಡೆಯವರಿಗೆ ಕಾಡಿನ ಹಸಿರು, ಜಪಾನೀಯರಿಗೆ ಹಳದಿ ಮಿಶ್ರಿತ ಖಾಕಿ. ಎಲ್ಲ ಒಣಗಿದ ಮೇಲೆ ಕಂದು ಬಣ್ಣವನ್ನು ಟೀಯಷ್ಟು ನೀರಾಗಿಸಿ ಮೈಮೇಲೆ ಹರಿಯಬಿಡಿ. ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ.

ಅಂಗಡಿಯ ಸೈನಿಕರ ತಲೆಯಲ್ಲಿ ಹೆಚ್ಚಾಗಿ ಅಮೆರಿಕನ್ನರ ಬೋಗುಣಿ ಹೆಲ್ಮೆಟ್ ಇರುತ್ತದೆ. ಬ್ರಿಟಿಷ್ ಮಾದರಿಯದು ತಟ್ಟೆಯ ಹಾಗೆ ಅಗಲ. ಮಾತ್ರೆ ಪಟ್ಟಿಯ ಹಿಂಬದಿಯ ಅಲ್ಯೂಮಿನಿಯಂ ಹಾಳೆಯಿಂದ 9 ಮಿಲಿಮೀಟರಿನ ಬಿಲ್ಲೆ ಕತ್ತರಿಸಿ, ಹೆಲ್ಮೆಟ್ ಮೇಲೆ ಒತ್ತಿ ಅಂಟಿಸಿ. ಕಾಲ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಮಣ್ಣಿನಲ್ಲಿ ಮುಚ್ಚಿ. ಐದಾರು ಜನ ಸಾಕು. ಸಾಲಾಗಿ ನಿಲ್ಲಿಸಬೇಡಿ. ಎದೆ ಸೆಟೆಸಿ ದುರ್ಬೀನು ಹಿಡಿದ ಆಫೀಸರ್ ಒಬ್ಬ ಪ್ರತಿ ಪೊಟ್ಟಣದಲ್ಲೂ ಇರುತ್ತಾನೆ. ಅವನನ್ನು ಪೊಟ್ಟಣದಲ್ಲೇ ಬಿಡಿ. ಇಷ್ಟು ಹತ್ತಿರದ ಕಾಳಗದಲ್ಲಿ ಹಾಗೆ ನಿಂತವನು ಉಳಿಯುವುದಿಲ್ಲ.

ಫೋಟೋ

ಹಲಗೆಯನ್ನು ತಾರಸಿಗೆ ಹೊರಿಸಿ. ಪ್ಯಾರಪೆಟ್ ಮೇಲೆ, ಹಿಂದೆ ಗಿರಿಸಾಲು ಬರುವ ಹಾಗೆ ಇಡಿ. ನಮ್ಮ ತಾರಸಿಯಿಂದ ಮುಳ್ಳಯ್ಯನಗಿರಿಯ ಕಡೆಯ ಬೆಟ್ಟಗಳು ಕಾಣುತ್ತವೆ. ಬೆಳಿಗ್ಗೆ ಏಳರ ಮಂಜಿನಲ್ಲಿ ಅವು ನಾಗಾ ಬೆಟ್ಟಗಳೇ. ಹಲಗೆಯ ಹಿಂದಿನ ಅಂಚನ್ನು ಪಾಚಿ, ಕಡ್ಡಿಗಳಿಂದ ಮರೆಮಾಡಿ.

ಫೋನನ್ನು ತಲೆಕೆಳಗು ಮಾಡಿ. ಆಗ ಲೆನ್ಸ್ ನೆಲಕ್ಕೆ ಬರುತ್ತದೆ. ಲೆನ್ಸ್ ಸೈನಿಕನ ಕಣ್ಣಿನ ಎತ್ತರದಲ್ಲಿರಬೇಕು, ಅಂದರೆ ನೆಲದಿಂದ ನಾಲ್ಕೂವರೆ ಸೆಂಟಿಮೀಟರ್. ನಾವು ನಿಂತು ಇನ್ನೊಬ್ಬರನ್ನು ನೋಡುವುದು ಹೀಗೇ ಅಲ್ವಾ? ಮೇಲಿನಿಂದ ತೆಗೆದರೆ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಅದು ಆಟಿಕೆ.

ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಹಿಂದೆ ಮಸುಕಾದಷ್ಟೂ ವಸ್ತು ಚಿಕ್ಕದು ಅಂತ ಕಣ್ಣು ಹಿಡಿದುಬಿಡುತ್ತದೆ. ಹತ್ತಿರದಿಂದ ತೆಗೆದ ಹೂವಿನ ಫೋಟೋ ನೆನಪಿಸಿಕೊಳ್ಳಿ. ನಮಗೆ ಮುಂದಿನವನೂ ಹಿಂದಿನವನೂ ಸ್ಪಷ್ಟ ಇರಬೇಕು. ಫೋನಿನ ಸಣ್ಣ ಸೆನ್ಸಾರ್ ಇಲ್ಲಿ ನಮ್ಮ ಪರ. ಸ್ವಲ್ಪ ಹಿಂದೆ ಸರಿದು ತೆಗೆದು, ಆಮೇಲೆ ಕತ್ತರಿಸಿ. ದೊಡ್ಡ ಕ್ಯಾಮೆರಾ ಇದ್ದವರು ಟ್ರೈಪಾಡ್ ಹಾಕಿ, ಎಫ್ 16, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್ ಇಡಿ. ಶಟರ್ ಅರ್ಧ ಸೆಕೆಂಡ್ ತೆಗೆದುಕೊಂಡರೂ ಪರವಾಗಿಲ್ಲ, ನಮ್ಮ ಸೈನಿಕರು ಅಲ್ಲಾಡುವುದಿಲ್ಲ. ಫ್ಲ್ಯಾಶ್ ಹಾಕಬೇಡಿ. ಆಕಾಶದಲ್ಲಿ ಸೂರ್ಯ ಒಬ್ಬನೇ, ನೆರಳೂ ಒಂದೇ ಕಡೆ ಬೀಳಲಿ.

ತೆಗೆದಿಟ್ಟ ಎರಡೂವರೆ ಸೆಂಟಿಮೀಟರಿನವರು ಈಗ ಬರಲಿ. ಕೋರ್ಟಿನ ಆಚೆ ತುದಿಯಲ್ಲಿ ನಿಲ್ಲಿಸಿದರೆ, ಇದ್ದದ್ದಕ್ಕಿಂತ ಎರಡರಷ್ಟು ದೂರದಲ್ಲಿ ಇದ್ದಂತೆ ಕಾಣುತ್ತಾರೆ. ಹೊಗೆಗೆ ಊದುಬತ್ತಿ ಆಗದು, ಅದರ ಹೊಗೆ ದಾರದ ಹಾಗೆ ಏಳುತ್ತದೆ. ಸಾಂಬ್ರಾಣಿ ಹಾಕಿ, ಹಲಗೆಯ ಪಕ್ಕದಲ್ಲಿಟ್ಟು ಮೆಲ್ಲಗೆ ಬೀಸಿ. ಹಲಗೆಯ ಮೇಲೆ ಮಾತ್ರ ಕೆಂಡ ಇಡಬೇಡಿ, ಟಿಶ್ಯೂ, ಪಾಚಿ, ಥರ್ಮೋಕೋಲ್ ಎಲ್ಲವೂ ಹತ್ತಿಕೊಳ್ಳುವ ಸಾಮಾನೇ. ಸಾಂಬ್ರಾಣಿ ಘಮಕ್ಕೆ ಅಮ್ಮ ಮೇಲೆ ಬಂದು, "ಇವತ್ತೇನು ವಿಶೇಷ, ತಾರಸಿ ಮೇಲೆ ಪೂಜೆ?" ಅಂದರು.

ಅರವತ್ತು ಎಪ್ಪತ್ತು ಫೋಟೋ ತೆಗೆಯಿರಿ, ಒಂದೆರಡು ನಿಲ್ಲುತ್ತವೆ. ಕಪ್ಪು ಬಿಳುಪು ಮಾಡಿ, ಹಳೆಯ ಫಿಲ್ಮಿನಂಥ ಕಾಳುಕಾಳು (ಗ್ರೇನ್) ಒಂಚೂರು ಸೇರಿಸಿದರೆ 1944ಕ್ಕೆ ಹತ್ತಿರ ಬರುತ್ತದೆ. ಹಲಗೆ ಬಿಚ್ಚುವ ಮೊದಲು ಪ್ರತಿ ಫೋಟೋವನ್ನೂ ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಕೂದಲು, ದಾರ, ಫೆವಿಕಾಲ್ ಹೊಳಪು ಸಿಕ್ಕರೆ ತೆಗೆದು ಇನ್ನೊಂದು ಸಲ ಹೊಡೆಯಬಹುದು. ನಾನು ನೋಡಿರಲಿಲ್ಲ. ನನ್ನ ಅತಿ ಒಳ್ಳೆಯ ಫೋಟೋದಲ್ಲಿ, ಮೂಟೆಗಳ ಹಿಂದೆ, ಒಂದು ಕಟ್ಟಿರುವೆ ನಿಂತಿದೆ. ಒಂದು ಸೆಂಟಿಮೀಟರ್ ಇರಬಹುದು. 35ರಿಂದ ಗುಣಿಸಿ.