ಅಳತೆ ಟೇಪ್ ಹಿಡಿದು ಹೆರೆರೋ ಹಳ್ಳಿಗೆ

"ಟೂರ್‌ನವರಿಲ್ಲದೆ ಆಫ್ರಿಕಾದ ನಮೀಬಿಯಾದಲ್ಲಿ, ಹೆರೆರೋ ಜನರ ಹಳ್ಳಿಯಲ್ಲಿ ಯಾರು ಉಳಿಸ್ಕೋತಾರೆ?" ಅಂತ ನಮ್ಮ ತಿರುಗಾಟದ ಗೆಳತಿಯರು ನಕ್ಕಿದ್ದರು. ಐದು ದಿನ ಉಳಿದು ಬಂದೆ.

ಮೊದಲ ಸಲ ಪ್ಯಾಕೇಜಿನಲ್ಲಿ ಹೋಗಿದ್ದೆ. ಹತ್ತು ಹನ್ನೆರಡು ಸಾವಿರ ರೂಪಾಯಿಗೆ ನಲವತ್ತು ನಿಮಿಷ, ನಾಲ್ಕು ಫೋಟೋ, ಒಂದು ಗೊಂಬೆ. ಎರಡನೇ ಸಲ ಬಾಡಿಗೆ ಕಾರಿನಲ್ಲಿ ಹೆರೆರೋಗಳಿರುವ ಓಕಾಕರಾರಾ ಊರಿನ ಕಡೆ ಹೊರಟೆ. ಜಲ್ಲಿ ರಸ್ತೆಯಲ್ಲಿ ಎರಡು ಟೈರ್ ಹೋದವು. ವಿಮೆಯಲ್ಲಿ ಟೈರ್ ಸೇರಿರಲಿಲ್ಲ, ನೀವಾದರೂ ನೋಡ್ಕೊಳ್ಳಿ.

ಮೂರನೇ ಸಲ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟೆ. ನಾನು ಬ್ಲೌಸ್ ಹೊಲಿಯುವವಳು. ಮರದ ಕೆಳಗೆ ಕೈಮಿಷನ್ ತಿರುಗಿಸುತ್ತಿದ್ದ ಅಜ್ಜಿಯ ಪಕ್ಕ ಹೋಗಿ ಕೂತೆ. ಮೊದಲ ಮಾತು ಏನಾಡಿದೆ ಅಂತ ಬರೆಯಲ್ಲ, ಮುಂದಿನ ವರ್ಷ ಮತ್ತೆ ಹೋಗಬೇಕು!

ಅವರ ಉದ್ದ ನಿಲುವಂಗಿ ಒಹೊರೊಕೋವಾಕ್ಕೆ ಸುಮಾರು ಹತ್ತು ಮೀಟರ್ ಬಟ್ಟೆ ಬೇಕು. ಒಳಗೆ ಲಂಗದ ಮೇಲೆ ಲಂಗ. ಸೊಂಟದ ನೆರಿಗೆಯನ್ನು ನಾನು ಸೀರೆಗೆ ಹಿಡಿದ ಹಾಗೆ ಹಿಡಿದೆ, ಒಂದು ಕಡೆ ಗುಡ್ಡೆ ಆಯ್ತು. ಅಜ್ಜಿ ಪೂರ್ತಿ ಬಿಚ್ಚಿಸಿದರು, ಎರಡು ಸಲ. ಹಸುವಿನ ಕೊಂಬಿನಂತೆ ಎರಡೂ ಕಡೆ ಚಾಚುವ ತಲೆಯುಡುಗೆ ಒಚಿಕೈವಾದೊಳಗೆ ಇದ್ದದ್ದು ಸುತ್ತಿದ ಹಳೇ ಪೇಪರ್. ಅದು ಮಾತ್ರ ಒಂದೇ ಸಲಕ್ಕೆ ಕೈಗೆ ಬಂತು.

ಈ ಉಡುಪಿನ ಮಾದರಿ ಜರ್ಮನ್ ಮಿಷನರಿಗಳ ಹೆಂಗಸರದ್ದು. ಆಗ ಆ ದೇಶ ಆಳುತ್ತಿದ್ದ ಅದೇ ಜರ್ಮನ್ನರ ಸೈನ್ಯ 1904ರಿಂದ 1908ರವರೆಗೆ ಹೆರೆರೋಗಳನ್ನು ಸಾವಿರಗಟ್ಟಲೆ ಕೊಂದಿತ್ತು. ದೊಡ್ಡ ಕಾಳಗ ನಡೆದ ವಾಟರ್‌ಬರ್ಗ್ ಬೆಟ್ಟ ಆ ಕಡೆಯಲ್ಲೇ ಇದೆ. ಮತ್ತೆ ಈ ಉಡುಪು ಯಾಕೆ ಅಂತ ಕೇಳಿಬಿಟ್ಟೆ. ಅಜ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ ನನ್ನ ಮುಖ ನೋಡಿದರು, ಅಷ್ಟೇ. ನಾನೂ ಸುಮ್ನೆ ಬಾಬಿನ್ ಸುತ್ತಿದೆ.

ಇನ್ನೊಂದು ಎಡವಟ್ಟೂ ಮಾಡಿದೆ. ಹಿರಿಯರ ಹೆಸರಲ್ಲಿ ಕಾಯುವ ಬೆಂಕಿ ಒಕುರೂವೊ ಮತ್ತು ದೊಡ್ಡ ಮನೆಯ ನಡುವೆ ದಾಟಿಬಿಟ್ಟೆ. ಮಕ್ಕಳು ಕೂಗಿಕೊಂಡರು. ಆಮೇಲೆ ಸುತ್ತು ಬಳಸಿಯೇ ಓಡಾಡಿದೆ.

ಖರ್ಚು? ಬಟ್ಟೆ, ಸಕ್ಕರೆ, ಚಹಾಪುಡಿ, ಜೋಳದ ಹಿಟ್ಟು ಕೊಟ್ಟಿದ್ದು ಎಲ್ಲಾ ಸೇರಿ ಏಳು ಸಾವಿರ ರೂಪಾಯಿ ಇರಬಹುದು. ಪ್ಯಾಕೇಜಿಗಿಂತ ಕಡಿಮೆ, ಅಲ್ವಾ?

ದಿನಾ ಸೋರೆಬುರುಡೆಯಲ್ಲಿ ಅಲ್ಲಾಡಿಸಿದ ಹುಳಿ ಹಾಲು ಓಮಾಎರೆ ಕುಡಿದೆ. ನಮ್ಮ ಮಜ್ಜಿಗೆಗಿಂತ ಗಟ್ಟಿ, ಹುಳಿ ಜಾಸ್ತಿ. ಹೊರಡುವಾಗ ಅದನ್ನೇ ಹೆಪ್ಪು ಹಾಕಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಲು ತುಂಬಿಕೊಂಡೆ. ರಾಜಧಾನಿ ವಿಂಡ್‌ಹುಕ್ ತಲುಪುವ ಮೊದಲೇ ಬಿಸಿಲಿಗೆ ಮುಚ್ಚಳ ಹಾರಿ ಸೀಟೆಲ್ಲ ಮೊಸರು. ಕಾರು ತೊಳೆಸಿದ ದುಡ್ಡು ಮೇಲಿನ ಲೆಕ್ಕದಲ್ಲಿಲ್ಲ.