ಅಮೆರಿಕದಲ್ಲಿ ಬಜೆಟ್ ಆ್ಯಪ್ ಆರಿಸುವ ಮುನ್ನ ತಿಪಟೂರಿನ ಪಾಸ್‌ಬುಕ್ ನೋಡಿ

ತುಮಕೂರು, ಗುಬ್ಬಿ, ತಿಪಟೂರು ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು ಎರಡನೇ ಸಂಬಳದ ಹೊತ್ತಿಗೆ ಕೇಳ್ತಾರೆ: "ಅಣ್ಣ, ಖರ್ಚಿನ ಲೆಕ್ಕಕ್ಕೆ ಯಾವ ಆ್ಯಪ್ ಚೆನ್ನಾಗಿದೆ?" ಬಾಡಿಗೆ, ದಿನಸಿ, ಕ್ರೆಡಿಟ್ ಕಾರ್ಡ್ ಇಷ್ಟೇ ಆದರೆ ಯಾವುದಾದರೂ ಆದೀತು. ನಾನು ಹೇಳಬೇಕಿರುವುದು ಊರಲ್ಲಿರುವ ಖಾತೆಗಳ ಬಗ್ಗೆ. ಇಲ್ಲಿನ ಆ್ಯಪ್‌ಗಳಿಗೆ ನಮ್ಮೂರಿನ ಬ್ಯಾಂಕು ಕಾಣುವುದೇ ಇಲ್ಲ. ಅವು ತೋರಿಸುವ ಒಟ್ಟು ಆಸ್ತಿಯನ್ನೇ ಪೂರ್ತಿ ಲೆಕ್ಕ ಅಂದುಕೊಂಡವರು ಒಬ್ಬರಾದ ಮೇಲೆ ಒಬ್ಬರು ಸಿಕ್ಕಿಬೀಳುತ್ತಿದ್ದಾರೆ.

ಎಲ್ಲಿ ಅಂದರೆ, ಎಫ್‌ಬಾರ್‌ನಲ್ಲಿ. ಇದು ಅಮೆರಿಕದ ಹೊರಗಿನ ಖಾತೆಗಳ ವರದಿ. ತೆರಿಗೆ ರಿಟರ್ನ್‌ನಿಂದ ಬೇರೆಯಾಗಿ, ಆನ್‌ಲೈನಿನಲ್ಲಿ, ಬಿಟ್ಟಿಯಾಗಿ ಸಲ್ಲಿಸಬೇಕು. ಕೊನೆ ದಿನ ಏಪ್ರಿಲ್ 15. ತಪ್ಪಿದರೆ ಅಕ್ಟೋಬರ್ 15ರವರೆಗೆ ತಾನಾಗಿಯೇ ಅವಕಾಶ ಇರುತ್ತದೆ. ಹೊರಗಿನ ಒಂದೊಂದು ಖಾತೆಯಲ್ಲೂ ಆ ವರ್ಷ ಇದ್ದ ಗರಿಷ್ಠ ಮೊತ್ತಗಳನ್ನು ಕೂಡಿದರೆ 10,000 ಡಾಲರ್ ದಾಟಿತಾ ಅನ್ನುವುದೇ ಪ್ರಶ್ನೆ. ಡಿಸೆಂಬರ್ 31ಕ್ಕೆ ಎಷ್ಟು ಉಳಿದಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

"ನನ್ನದು ಅಲ್ಲಿ ಏನೂ ಇಲ್ಲ" ಅನ್ನುವವರೇ ಜಾಸ್ತಿ. ಆದರೆ ವಿಮಾನ ಹತ್ತುವ ಮುಂಚೆ ಅಪ್ಪ ಬ್ಯಾಂಕಿಗೆ ಕರೆದುಕೊಂಡು ಹೋಗಿ ಜಾಯಿಂಟ್ ಅಕೌಂಟಿಗೆ ಸಹಿ ಹಾಕಿಸಿರುತ್ತಾರೆ, ಅಲ್ವಾ? ಅದೂ ನಿಮ್ಮ ಖಾತೆಯೇ. ದುಡ್ಡೆಲ್ಲ ಅಪ್ಪನದೇ ಆದರೂ ಪೂರ್ತಿ ಮೊತ್ತ ನಿಮ್ಮ ವರದಿಯಲ್ಲಿ ಬರಬೇಕು.

ಲೆಕ್ಕ ಹಾಕಿ ನೋಡಿ. ತಿಪಟೂರು ಸೀಮೆಯಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಕೊಬ್ಬರಿಯಾಗುತ್ತದೆ. ಮಾರಿದಾಗ ದುಡ್ಡು ಒಂದೇ ಸಲ ಬರುತ್ತದೆ. 2025ರ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. 40 ಕ್ವಿಂಟಾಲ್ ಮಾರಿದರೆ ಎಸ್‌ಬಿ ಖಾತೆಗೆ 4,84,000. ಮಾರನೇ ವಾರ ಅದರಲ್ಲಿ 4 ಲಕ್ಷ ತೆಗೆದು ಎಫ್‌ಡಿ ಇಡುತ್ತಾರೆ, ಅದಕ್ಕೂ ನಿಮ್ಮ ಹೆಸರು ಸೇರಿಸಿ. ಈಗ ಎಸ್‌ಬಿಯ ಗರಿಷ್ಠ 4,84,000, ಎಫ್‌ಡಿಯ ಗರಿಷ್ಠ 4,00,000. ದುಡ್ಡು ಅದೇ, ಆದರೆ ಎರಡೂ ಖಾತೆಯಲ್ಲಿ ಎಣಿಕೆಯಾಗುತ್ತದೆ. ಒಟ್ಟು 8,84,000. ಉದಾಹರಣೆಗೆ ಡಾಲರ್‌ಗೆ 85 ರೂಪಾಯಿ ಹಿಡಿದರೆ 10,400 ಡಾಲರ್. ಮಿತಿ ದಾಟಿತು! ಗೊಬ್ಬರ, ಕೂಲಿ, ಮದುವೆ ಮುಯ್ಯಿ ಎಲ್ಲ ಕಳೆದು ವರ್ಷದ ಕೊನೆಗೆ ಎಸ್‌ಬಿಯಲ್ಲಿ 20,000 ಉಳಿದಿದ್ದರೂ ಅದರಿಂದ ಏನೂ ಬದಲಾಗುವುದಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗನಿಗೆ ಇದು ತಿಳಿದದ್ದು ತೆರಿಗೆ ಅರ್ಜಿಯ ಶೆಡ್ಯೂಲ್ ಬಿ ತುಂಬುವಾಗ. ವಿದೇಶಿ ಖಾತೆ ಇದೆಯಾ ಎಂದು ಅಲ್ಲಿ ನೇರವಾಗಿ ಕೇಳುತ್ತಾರೆ. ಹಳೆಯ ವರ್ಷಗಳ ವಿವರಕ್ಕಾಗಿ ಅವರಪ್ಪ ಬ್ಯಾಂಕಿಗೆ ಅಲೆದರು. ಬ್ಯಾಂಕು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಾಳೆ ಕೊಟ್ಟಿತು. ಅಮೆರಿಕಕ್ಕೆ ಬೇಕಾದದ್ದು ಜನವರಿಯಿಂದ ಡಿಸೆಂಬರ್. ಮತ್ತೆ ಅಲೆದಾಟ. ಬೇಕಂತ ಮುಚ್ಚಿಡದಿದ್ದರೂ 10,000 ಡಾಲರ್‌ಗೂ ಮೇಲೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆ ದಂಡ ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರ ಮಟ್ಟಿಗೆ ಸಮಾಧಾನ. ಎಫ್-1 ವೀಸಾದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಗೋಜಿಲ್ಲ. ಕೆಲಸದ ವೀಸಾ ಎಚ್-1ಬಿಗೆ ಬದಲಾದ ವರ್ಷ ಎಚ್ಚರವಾಗಿರಿ.

ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ನಾನು ನೋಡುವುದು ಮೂರೇ: ರೂಪಾಯಿ ಖಾತೆಯನ್ನು ರೂಪಾಯಿಯಲ್ಲೇ ಇಡುತ್ತದಾ, ಹಳೆಯ ಯಾವುದೇ ದಿನದ ಬ್ಯಾಲೆನ್ಸ್ ತೋರಿಸುತ್ತದಾ, ಎಲ್ಲವನ್ನೂ ಹೊರಗೆ ತೆಗೆದುಕೊಳ್ಳಲು ಬಿಡುತ್ತದಾ. ವೈನ್ಯಾಬ್ (YNAB) ಅನ್ನುವ ಬಜೆಟ್ ಆ್ಯಪ್ ತಿಂಗಳ ಖರ್ಚಿಗೆ ಶಿಸ್ತು ತರುತ್ತದೆ, ಅದಕ್ಕೆ ಕೊಡುವ ದುಡ್ಡು ವ್ಯರ್ಥವಲ್ಲ. ಆದರೆ ಒಂದು ಬಜೆಟ್‌ಗೆ ಒಂದೇ ಕರೆನ್ಸಿ. ನನ್ನ ಮಟ್ಟಿಗೆ ಗ್ನುಕ್ಯಾಶ್ (GnuCash) ಅನ್ನುವ ಲೆಕ್ಕದ ಸಾಫ್ಟ್‌ವೇರ್ ಉತ್ತಮ. ಬಿಟ್ಟಿ, ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಡಾಲರ್ ರೂಪಾಯಿ ಎರಡನ್ನೂ ಒಟ್ಟಿಗೆ ನಡೆಸುತ್ತದೆ. ಮೊದಲ ಎರಡು ವಾರ ಜಮಾ-ಖರ್ಚಿನ ಜೋಡಿ ನಮೂದು ತಲೆ ತಿನ್ನುತ್ತದೆ, ಬಿಡಬೇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಗೂಗಲ್ ಶೀಟ್ ಸಾಕು: ಖಾತೆಗೊಂದು ಸಾಲು, ತಿಂಗಳಿಗೊಂದು ಕಾಲಂ, ಕೊನೆಗೆ ಆ ವರ್ಷದ ಗರಿಷ್ಠ. ದೊಡ್ಡ ಜಮಾ ಬಂದ ದಿನ ಅಪ್ಪ ಪಾಸ್‌ಬುಕ್ಕಿನ ಪುಟದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹಾಕಲಿ. ಡಾಲರ್‌ಗೆ ಬದಲಿಸುವಾಗ ಅಮೆರಿಕ ಖಜಾನೆ ಪ್ರಕಟಿಸುವ ಡಿಸೆಂಬರ್ 31ರ ದರ ಹಿಡಿಯಿರಿ.

ಲೆಕ್ಕವನ್ನು ಹೊರಗೆ ತೆಗೆದುಕೊಳ್ಳುವ ಆ ಮೂರನೆಯದು ಯಾಕೆ ಅಂದರೆ, ಮಿಂಟ್ ಅನ್ನುವ ಬಿಟ್ಟಿ ಆ್ಯಪನ್ನು ಲಕ್ಷಾಂತರ ಜನ ನಂಬಿದ್ದರು. 2024ರಲ್ಲಿ ಅದು ಮುಚ್ಚಿತು. ಹಳೆಯ ಲೆಕ್ಕ ಇಳಿಸಿಕೊಂಡವರು ಬಚಾವಾದರು.

ಇನ್ನು ಆ್ಯಪ್‌ಗೆ ಬ್ಯಾಂಕ್ ಖಾತೆ ಜೋಡಿಸುವ ವಿಷಯ. ಇದರಲ್ಲಿ ನಮ್ಮ ಭಾರತದ ವ್ಯವಸ್ಥೆಯೇ ಮೇಲು ಎಂದು ಖಂಡಿತ ಹೇಳುತ್ತೇನೆ. ಅಲ್ಲಿ ಅಕೌಂಟ್ ಅಗ್ರಿಗೇಟರ್ ಎಂಬ, ಖಾತೆಯ ಮಾಹಿತಿ ದಾಟಿಸುವ ಮಧ್ಯವರ್ತಿಯ ಮೂಲಕ ಯಾವ ಮಾಹಿತಿ, ಎಷ್ಟು ದಿನಕ್ಕೆ ಎಂದು ನೀವೇ ಒಪ್ಪಿಗೆ ಕೊಡುತ್ತೀರಿ, ಬೇಡ ಅಂದರೆ ವಾಪಸ್ ಪಡೆಯುತ್ತೀರಿ. ಇಲ್ಲಿ ಈಗಲೂ ಕೆಲವು ಕಡೆ ಬ್ಯಾಂಕಿನ ಪಾಸ್‌ವರ್ಡನ್ನೇ ಕೇಳುತ್ತಾರೆ. ಕೊಡಬೇಡಿ. ಷೇರಿನ ಲೆಕ್ಕದಲ್ಲಿ ಮಾತ್ರ ಅಮೆರಿಕ ಸಲೀಸು. ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೂ ಸಾಮಾನ್ಯವಾಗಿ ಬ್ರೋಕರ್ 1099-ಬಿ ಅನ್ನುವ ತೆರಿಗೆ ಫಾರ್ಮಿನಲ್ಲಿ ಬರೆದುಕೊಡುತ್ತಾನೆ.

ಊರಲ್ಲಿ ಸುಮ್ನೆ ಓಡುತ್ತಿರುವ ಎಸ್‌ಐಪಿ ಇದೆಯಾ? ಆ್ಯಪ್‌ನಲ್ಲಿ ಅದು ಬರೀ ಮ್ಯೂಚುಯಲ್ ಫಂಡ್. ಇಲ್ಲಿನ ತೆರಿಗೆಗೆ ಅದು ಪಿಎಫ್ಐಸಿ, ಅಂದರೆ ಹೂಡಿಕೆಯಿಂದಲೇ ಗಳಿಸುವ ವಿದೇಶಿ ಕಂಪನಿ; ಫಾರ್ಮ್ 8621ರ ವ್ಯವಹಾರ. ಬೇರೆ ಆಯ್ಕೆ ಮಾಡಿಕೊಂಡಿರದಿದ್ದರೆ ಮಾರಿದಾಗ ಬಂದ ಲಾಭವನ್ನು ಹಿಂದಿನ ವರ್ಷಗಳಿಗೆ ಹಂಚಿ, ಆಯಾ ವರ್ಷದ ಗರಿಷ್ಠ ದರದಲ್ಲಿ ತೆರಿಗೆ ಹಾಕಿ, ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಪ್ರತಿ ಕಂತಿಗೂ ಬೇರೆ ಲೆಕ್ಕ. ಹೊಸ ಕಂತು ಇವತ್ತೇ ನಿಲ್ಲಿಸಿ. ಹಳೆಯ ಒಂದೊಂದು ಕಂತಿನ ತಾರೀಖು, ಯೂನಿಟ್, ಬೆಲೆ ಬರೆದಿಟ್ಟುಕೊಂಡು, ಮಾರುವ ಮೊದಲು ಪಿಎಫ್ಐಸಿ ಲೆಕ್ಕ ಮಾಡಿ ಗೊತ್ತಿರುವ ತೆರಿಗೆ ಸಲಹೆಗಾರರನ್ನೇ ಕೇಳಿ.